ಬೆಲ್ಲವಿಲ್ಲದ ನೀರು

ಮೊದಲ ಬೈಠಕ್ ಮುರಿದದ್ದು ಒಂದು ತಟ್ಟೆ ಬೆಲ್ಲದಿಂದ. ಆ ತಟ್ಟೆಯನ್ನು ತಂದಿಟ್ಟವಳು ನಾನೇ.

ಮೇ ತಿಂಗಳ ಮಧ್ಯಾಹ್ನ. ಠಾಣೆ ರೈಲ್ವೆ ಸ್ಟೇಷನ್ನಿನಿಂದ ನನ್ನ ಆಫೀಸಿಗೆ ನಡೆದು ಬರುವಷ್ಟರಲ್ಲಿ ಯಾರಾದರೂ ಬೆವರಿನಲ್ಲಿ ತೊಯ್ದುಹೋಗುವ ಬಿಸಿಲು. ಬಂದ ಇಬ್ಬರೂ ನನಗಿಂತ ಹಿರಿಯರು. ಒಬ್ಬರು ಡೊಂಬಿವಿಲಿಯ ಕನ್ನಡ ಕ್ರೈಸ್ತ ಸಭೆಯೊಂದರ ಕಾರ್ಯದರ್ಶಿ. ಮಂಗಳೂರು ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದವರು. ಇನ್ನೊಬ್ಬರು ಅದೇ ಸಭೆಯ ಗಾಯನ ಮಂಡಳಿಯನ್ನು ನಡೆಸುವ ಮಹಿಳೆ, ಎಲ್ಲರಿಗೂ ಟೀಚರ್. ಧಾರವಾಡ ಕಡೆಯವರು, ಸಾನಪಾಡಾದಲ್ಲಿ ಮನೆ. ಇಬ್ಬರೂ ತಿಂಗಳುಗಳಿಂದ ಮುಖ ಕೊಟ್ಟು ಮಾತಾಡಿರಲಿಲ್ಲ. ಅವರು ಕುರ್ಚಿಯಲ್ಲಿ ಕೂತದ್ದೇ ತಡ, ಉಡುಪಿಯಲ್ಲಿ ನನ್ನ ಅಮ್ಮ ಮಾಡುತ್ತಿದ್ದದ್ದನ್ನೇ ನಾನೂ ಮಾಡಿದೆ. ಎರಡು ಲೋಟ ನೀರು, ಜೊತೆಗೆ ಒಂದು ತಟ್ಟೆಯಲ್ಲಿ ಬೆಲ್ಲದ ತುಂಡುಗಳು. ಮನೆಗೆ ಬಂದವರಿಗೆ ಮೊದಲು ಬೆಲ್ಲ-ನೀರು, ಆಮೇಲೆ ಮಾತು ಎಂಬುದು ನಮ್ಮ ಕಡೆಯ ರೂಢಿ.

ಕಾರ್ಯದರ್ಶಿಗಳು ತಟ್ಟೆಯನ್ನು ನೋಡಿ ಕುರ್ಚಿ ಹಿಂದಕ್ಕೆ ಎಳೆದುಕೊಂಡರು. "ಇದೆಂತ ಮೇಡಂ? ಇದಕ್ಕಾ ನಮ್ಮನ್ನು ಕರೆದದ್ದು?"

"ಏನಿಲ್ಲ, ಬಿಸಿಲಲ್ಲಿ ಬಂದಿದ್ದೀರಿ ಅಂತ..."

"ಯಾರು ಹೇಳಿಕೊಟ್ರು ನಿಮಗ ಇದನ್ನ?" ಟೀಚರ್ ಆಗಲೇ ಎದ್ದು ನಿಂತಿದ್ದರು. "ಹಿಂಗ ಮೋಸದಿಂದ ಮುಗಿಸೂ ಜಗಳ ಅಲ್ರಿ ಇದು."

ಒಬ್ಬರು ಲಿಫ್ಟಿನಲ್ಲಿ ಇಳಿದರು, ಇನ್ನೊಬ್ಬರು ಮೆಟ್ಟಿಲಿನಲ್ಲಿ. ತಿಂಗಳುಗಳ ನಂತರ ಇಬ್ಬರೂ ಒಪ್ಪಿದ ಮೊದಲ ವಿಷಯವೆಂದರೆ ನನ್ನ ಬೆಲ್ಲವನ್ನು ಮುಟ್ಟಬಾರದು ಎಂಬುದು.

ನಾನು ವಕೀಲೆ. ಕೋರ್ಟಿನಲ್ಲಿ ವಾದಿಸುವುದಕ್ಕಿಂತ ಮಧ್ಯಸ್ಥಿಕೆ ಮಾಡುವುದೇ ಹೆಚ್ಚು. ಗಂಡ ಹೆಂಡತಿ, ಸೊಸೈಟಿ ಮತ್ತು ಬಿಲ್ಡರ್, ಹೋಟೆಲಿನ ಪಾಲುದಾರರು ಇವರೆಲ್ಲ ನನಗೆ ಹೊಸಬರಲ್ಲ. ದೇವರ ವಿಷಯ ಮಾತ್ರ ನನ್ನ ಮೇಜಿಗೆ ಬಂದಿರಲಿಲ್ಲ. ಈ ಸಭೆಯವರು ನನ್ನನ್ನು ಆರಿಸಿದ್ದಕ್ಕೆ ಕಾರಣ ನಾನು ಹಿಂದೂ ಎಂಬುದು. ಯಾವ ಬಣಕ್ಕೂ ಸೇರಿದವಳಲ್ಲ, ಆದರೆ ತುಳು, ಕನ್ನಡ ಎರಡೂ ಬರುತ್ತವೆ. ಅವರ ಸಭಾಪಾಲಕರು, ಅಂದರೆ ಠಾಣೆ ಮತ್ತು ಡೊಂಬಿವಿಲಿ ಎರಡೂ ಕಡೆ ಆರಾಧನೆ ನಡೆಸುವ ಪಾದ್ರಿಗಳು, ತೀರ ಮೆತ್ತಗಿನ ಮನುಷ್ಯ. ಎರಡೂ ಬಣದವರು ಬೈದು ಬೈದು ಅವರ ಸ್ವರವೇ ಇಳಿದುಹೋಗಿತ್ತು. ಅವರೇ ನನ್ನನ್ನು ಹುಡುಕಿಕೊಂಡು ಬಂದವರು.

ಜಗಳ ಡೊಂಬಿವಿಲಿಯಲ್ಲಿ ಹುಟ್ಟಿದ್ದಲ್ಲ. ಅವರ ಚರ್ಚು ಲೋಕದ ತುಂಬ ಹರಡಿಕೊಂಡದ್ದು. ಹೆಂಗಸರಿಗೆ ಗುರುದೀಕ್ಷೆ ಕೊಟ್ಟು ಪಾದ್ರಿಗಳನ್ನಾಗಿ ಮಾಡಬಹುದೇ, ಅವರು ಪ್ರಭುವಿನ ಭೋಜನದ ಮೇಜಿನ ಮುಂದೆ ನಿಂತು ರೊಟ್ಟಿ ಮತ್ತು ದ್ರಾಕ್ಷಾರಸದ ಪಾತ್ರೆಯನ್ನು ಆಶೀರ್ವದಿಸಬಹುದೇ ಎಂಬ ಪ್ರಶ್ನೆಯಲ್ಲಿ ಆ ಲೋಕದ ಚರ್ಚೇ ಬಿರುಕು ಬಿಟ್ಟಿತ್ತು. ಬೇಡವೆಂದವರು ಬೇರೆಯೇ ಒಂದು ಲೋಕ ಒಕ್ಕೂಟ ಕಟ್ಟಿದರು. ಮಳೆಗಾಲ ಮುಗಿಯುವುದರೊಳಗೆ ನೀವು ಯಾವ ಕಡೆ ಎಂದು ಹೇಳಿ ಎಂದು ಎರಡೂ ಕಡೆಯಿಂದ ಊರೂರಿನ ಸಭೆಗಳಿಗೆ ಕೇಳಿಕೆ ಬಂದಿತ್ತು.

ದೂರದ ದೇಶಗಳಲ್ಲಿ ಅದು ವಾದವಾಗಿದ್ದಿರಬಹುದು. ಡೊಂಬಿವಿಲಿಯಲ್ಲಿ ಅದಕ್ಕೆ ಒಂದು ಮುಖವಿತ್ತು. ಇದೇ ಸಭೆಯಲ್ಲಿ ಬೆಳೆದ ಹುಡುಗಿಯೊಬ್ಬಳು ದೇವಶಾಸ್ತ್ರ ಓದಿ ಬಂದಿದ್ದಳು. ವಾರವೆಲ್ಲ ಐರೋಲಿಯ ಕಂಪನಿಯೊಂದರಲ್ಲಿ ಕೆಲಸ, ಕೆಲವು ಭಾನುವಾರ ಆರಾಧನೆಯಲ್ಲಿ ಪ್ರಸಂಗ, ಅಂದರೆ ಪ್ರವಚನ. ಅವಳಿಗೆ ದೀಕ್ಷೆ ಕೊಡಿ, ಹಳೆಯ ಚರ್ಚಿನಲ್ಲೇ ಇರೋಣ ಎಂಬುದು ಟೀಚರ್ ಬಣ. ಕೊಟ್ಟರೆ ನಾವು ಹೊಸ ಒಕ್ಕೂಟಕ್ಕೆ ಹೋಗುತ್ತೇವೆ ಎಂಬುದು ಕಾರ್ಯದರ್ಶಿಗಳ ಬಣ.

ಬೆಲ್ಲದ ಗುಟ್ಟನ್ನು ಪಾದ್ರಿಗಳು ಆ ಸಂಜೆ ಫೋನಿನಲ್ಲಿ ಬಿಡಿಸಿ ಹೇಳಿದರು. ಪ್ರಭುವಿನ ಭೋಜನಕ್ಕೆ ಮೊದಲು, ಮನಸ್ತಾಪ ಇರುವವರು ರಾಜಿಯಾಗಬೇಕು. ಈ ಸಭೆಯಲ್ಲಿ ಅದಕ್ಕೊಂದು ಕ್ರಮ. ಜಗಳವಾಡಿದವರಲ್ಲಿ ಒಬ್ಬರು ಇನ್ನೊಬ್ಬರ ಮನೆಗೆ ತಾವಾಗಿ ಹೋಗಿ ನೀರು ಕೇಳಬೇಕು. ಮನೆಯವರು ನೀರಿನ ಜೊತೆ ಬೆಲ್ಲ ಕೊಟ್ಟರೆ, ಕೇಳಿದವರು ಅದನ್ನು ತಿಂದರೆ, ಜಗಳ ಮುಗಿಯಿತು. ಮತ್ತೆ ಅದರ ಮಾತು ಎತ್ತುವ ಹಾಗಿಲ್ಲ. ಮೂರನೆಯವರು ಕರೆದು ಮಾಡಿಸಿದರೆ ನಡೆಯುವುದಿಲ್ಲ. ಕರಾವಳಿಯಿಂದ ಬಂದ ಮೊದಲ ಮನೆಗಳವರು ತಂದ ಪದ್ಧತಿ, ಧಾರವಾಡದವರಿಗೂ ಅದು ರೂಢಿಯಾಗಿಬಿಟ್ಟಿದೆ.

"ರಾಜಿ ಆಗದಿದ್ದರೆ?" ಎಂದೆ.

"ಭೋಜನದ ಮೇಜಿಗೆ ಬರುವ ಹಾಗಿಲ್ಲ ಮೇಡಂ. ಈಗ ಇಡೀ ಸಭೆಯೇ ಜಗಳದಲ್ಲುಂಟಲ್ಲ. ಕ್ರಿಸ್ಮಸ್ ಕಳೆದ ಮೇಲೆ ನಾವು ಮೇಜಿಗೆ ಬಟ್ಟೆಯೇ ಹಾಸಲಿಲ್ಲ."

ಬೀಗ ಎಲ್ಲಿ ಬಿದ್ದಿದೆ ಎಂದು ಆಗ ತಿಳಿಯಿತು. ಭೋಜನ ಯಾರು ನಡೆಸಬೇಕು ಎಂಬುದಕ್ಕೆ ಜಗಳ. ಜಗಳ ಇರುವುದರಿಂದ ಭೋಜನವೇ ಇಲ್ಲ. ಕಾರ್ಯದರ್ಶಿಗಳು ಸಾನಪಾಡಾಕ್ಕೆ ಹೋಗಿ ನೀರು ಕೇಳಿದರೆ ದೀಕ್ಷೆಗೆ ಒಪ್ಪಿದರು ಎಂದು ಅವರ ಜನ ಎದ್ದು ಹೋಗುತ್ತಾರೆ. ಟೀಚರ್ ಡೊಂಬಿವಿಲಿಗೆ ಬಂದು ಕೇಳಿದರೆ ಹುಡುಗಿಯನ್ನು ಕೈಬಿಟ್ಟರು ಎಂದಾಗುತ್ತದೆ. ನಾನಂತೂ ಮೂರನೆಯವಳು, ಕರೆದು ಬೆಲ್ಲ ತಿನ್ನಿಸಲು ಹೋದವಳು!

ಕ್ಷಮೆ ಕೇಳಿ, ಜಂಟಿ ಬೈಠಕ್ ಬಿಟ್ಟು ಪ್ರತ್ಯೇಕ ಬೈಠಕ್ ಶುರು ಮಾಡಿದೆ. ನಮ್ಮ ಕೆಲಸದಲ್ಲಿ ಇದಕ್ಕೊಂದು ಕಟ್ಟುನಿಟ್ಟಿನ ನಿಯಮವಿದೆ. ಒಬ್ಬರ ಜೊತೆ ಬಾಗಿಲು ಮುಚ್ಚಿ ಆಡಿದ ಮಾತು ಇನ್ನೊಬ್ಬರಿಗೆ ಹೋಗಬಾರದು. ಏಳುವ ಮೊದಲು ಕೇಳಬೇಕು: ನೀವು ಹೇಳಿದ್ದರಲ್ಲಿ ಯಾವುದನ್ನು ನಾನು ಅವರಿಗೆ ಹೇಳಬಹುದು? ಅವರು ಒಪ್ಪಿದ್ದನ್ನು ಮಾತ್ರ ಹೊರಗೆ ಒಯ್ಯಬೇಕು. ಹದಿನೈದು ಸಲ ಕೆಲಸಕ್ಕೆ ಬಂದ ಈ ನಿಯಮ ಈ ಸಲ ನನ್ನನ್ನೇ ಕಟ್ಟಿಹಾಕಿತು.

ಕಾರ್ಯದರ್ಶಿಗಳನ್ನು ಕಂಡದ್ದು ಡೊಂಬಿವಿಲಿಯಲ್ಲಿ. ಅವರ ಆರಾಧನೆ ನಡೆಯುವುದು ಒಂದು ಶಾಲೆಯ ಸಭಾಂಗಣದಲ್ಲಿ. ಬೆಂಚುಗಳ ನಡುವೆ ಇಬ್ಬರೇ ಕೂತೆವು. ಬಹಳ ಹೊತ್ತು ಬೈಬಲಿನ ವಾಕ್ಯ ಹೇಳಿ ವಾದಿಸಿದರು. ಕೊನೆಗೆ ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು.

"ಆ ಹುಡುಗಿಗೆ ಕನ್ನಡ ಓದಲಿಕ್ಕೆ ಕಲಿಸಿದ್ದು ನಾನು. ಭಾನುವಾರದ ಶಾಲೆಯಲ್ಲಿ. ನಮ್ಮ ಪಾದ್ರಿಗಿಂತ ಚಂದ ಪ್ರಸಂಗ ಮಾಡ್ತಾಳೆ ಅಂತ ನನಗೆ ಗೊತ್ತುಂಟು. ಆದ್ರೆ ದೀಕ್ಷೆ ಅಂದ್ರೆ ನನ್ನ ಮನಸ್ಸು ಒಪ್ಪುದಿಲ್ಲ, ನಾನು ಹಾಗೆ ಕಲಿತವ. ಅದಕ್ಕಿಂತ ದೊಡ್ಡದು ಬೇರೆ ಉಂಟು. ನಾನು ಸ್ವಲ್ಪ ಸಡಿಲ ಬಿಟ್ರೆ ಹಳೆ ಮನೆಯವರು ನಾಳೆಯೇ ಹೊಸ ಒಕ್ಕೂಟಕ್ಕೆ ಹೋಗ್ತಾರೆ. ನಾನು ಇಲ್ಲ ಇಲ್ಲ ಅಂತ ಬೊಬ್ಬೆ ಹಾಕುದೇ ಅವರನ್ನು ಇಲ್ಲಿ ಹಿಡಿದಿಡ್ಲಿಕ್ಕೆ. ಸಭೆ ಒಡೀಬಾರ್ದು ಮೇಡಂ. ಅದೊಂದೇ."

"ಇದನ್ನು ಟೀಚರಿಗೆ ಹೇಳಲಾ?"

"ಒಂದು ಶಬ್ದ ಹೇಳ್ಬೇಡಿ!"

ನಾಲ್ಕು ದಿನ ಕಳೆದು ಸಾನಪಾಡಾ. ಟೀಚರ್ ಮನೆಯಲ್ಲಿ ಹಾರ್ಮೋನಿಯಂ ಪಕ್ಕದಲ್ಲಿ ಕೂತೆ. ಅವರೂ ಮೊದಲು ವಾಕ್ಯಗಳನ್ನೇ ಹೇಳಿದರು, ಬೇರೆ ವಾಕ್ಯಗಳು ಅಷ್ಟೆ. ಆಮೇಲೆ ಬಾಗಿಲು ಹಾಕಿದೆಯೇ ಎಂದು ಎದ್ದು ನೋಡಿ ಬಂದರು.

"ನಿಮಗೊಬ್ಬರಿಗೇ ಹೇಳ್ತೀನ್ರಿ. ನಾ ಹತ್ತು ವರ್ಷ ಬೇಕಾದ್ರೂ ಕಾಯ್ತೀನಿ. ಆದ್ರ ನಮ್ಮ ಹುಡುಗ್ರು ಕಾಯಂಗಿಲ್ಲ. ಕನ್ನಡದಾಗ ಕೇಳಿದ್ರ ಹಿಂದಿಯೊಳಗ ಉತ್ತರ ಕೊಡೂ ಹುಡುಗ್ರು ಇವು. ಆ ಹುಡುಗಿ ಇದ್ದಾಳಂತ ಇಲ್ಲಿಗೆ ಬರ್ತಾವ. ನಾ 'ಈಗಿಂದೀಗ ದೀಕ್ಷೆ ಕೊಡ್ರಿ' ಅಂತ ಹಟ ಹಿಡಿಯೂದು ಅವರು ಬಿಟ್ಟು ಹೋಗಬಾರದಂತ. ಸಭೆ ಒಂದಽ ಇರಬೇಕ್ರಿ ನನಗ."

"ಇದನ್ನು ಕಾರ್ಯದರ್ಶಿಗಳಿಗೆ..."

"ಬ್ಯಾಡ್ರಿ! ಪ್ರಾಣ ಹೋದ್ರೂ ಬ್ಯಾಡ."

ಈಗ ಇಬ್ಬರೂ ಅನುಮತಿ ಕೊಟ್ಟಿರುವುದರಿಂದ ಬರೆಯುತ್ತಿದ್ದೇನೆ. ಆಗ ನನ್ನ ಬಾಯಿಗೆ ಹೊಲಿಗೆ ಬಿದ್ದಿತ್ತು. ಸಾನಪಾಡಾ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಎರಡು ಲೋಕಲ್ ರೈಲು ಹತ್ತದೆ ಬಿಟ್ಟೆ. ಇಬ್ಬರಿಗೂ ಬೇಕಾದದ್ದು ಒಂದೇ. ಇಬ್ಬರೂ ತಮ್ಮ ತಮ್ಮ ಜನರನ್ನು ಹಿಡಿದಿಡಲು ಒಬ್ಬರನ್ನೊಬ್ಬರು ದೂಡುತ್ತಿದ್ದರು. ಅದನ್ನು ಬಲ್ಲವಳು ಈ ಭೂಮಿಯ ಮೇಲೆ ನಾನೊಬ್ಬಳೇ, ಹೇಳಲಾರದವಳೂ ನಾನೇ. ಒಂದು ಫೋನ್ ಮಾಡಿದರೆ ಮುಗಿಯುತ್ತಿತ್ತು ಎಂದು ಓದುವವರಿಗೆ ಅನಿಸಬಹುದು. ನನಗೂ ಅನಿಸಿತು, ದಿನಾ ಅನಿಸಿತು. ಆದರೆ ಒಬ್ಬರ ಗುಟ್ಟು ಒಡೆದ ಮಧ್ಯಸ್ಥಗಾರ್ತಿಯ ಎದುರು ಮತ್ತೆಂದೂ ಯಾರೂ ಬಾಯಿ ಬಿಡುವುದಿಲ್ಲ. ಹಾಗೂ ಅವರು ನನ್ನನ್ನು ನಂಬಿ ಹೇಳಿದ್ದರು. ಅದರ ಮೇಲೆ ಕಾಲಿಡಲು ನನ್ನಿಂದಾಗಲಿಲ್ಲ.

ನಿಯಮದೊಳಗೇ ದಾರಿ ಹುಡುಕಿದೆ. ಇಬ್ಬರಿಗೂ ಬೇರೆ ಬೇರೆಯಾಗಿ ಒಂದೇ ಪ್ರಶ್ನೆ ಹಾಕುವ ಕ್ರಮವೊಂದಿದೆ. ಇಬ್ಬರೂ ಹೌದೆಂದರೆ ಮಾತ್ರ ಇಬ್ಬರಿಗೂ ತಿಳಿಸುವುದು. ಒಬ್ಬರು ಇಲ್ಲವೆಂದರೂ ಇನ್ನೊಬ್ಬರ ಉತ್ತರ ನನ್ನಲ್ಲೇ ಉಳಿಯುತ್ತದೆ. 'ಅವರೂ ಹೊರಟರೆ ನೀವೂ ನೀರು ಕೇಳಲು ಹೊರಡುತ್ತೀರಾ?' ಎಂದು ಕೇಳಿದೆ.

"ಅವರು ಹೂಂ ಅಂದ್ರಾ?" ಕಾರ್ಯದರ್ಶಿಗಳು ಕೇಳಿದರು.

"ಹೇಳುವ ಹಾಗಿಲ್ಲ."

"ಹಾಗಾದ್ರೆ ಇಲ್ಲ ಅಂತ ಬರ್ಕೊಳ್ಳಿ."

"ಅವರೇನಂದ್ರು?" ಟೀಚರ್ ಕೇಳಿದರು.

"ಹೇಳುವ ಹಾಗಿಲ್ಲ."

"ಅಂದ್ರ ಇಲ್ಲ ಅಂದಿರಬೇಕು. ನಂದೂ ಇಲ್ಲ."

ಐರೋಲಿಯಲ್ಲಿರುವ ನಮ್ಮ ಮನೆಗೆ ಬಂದು ಗಂಡನ ಮೇಲೆ ಸುಮ್ಮಸುಮ್ಮನೆ ರೇಗಿದೆ. ಏನಾಯಿತು ಎಂದು ಅವರು ಕೇಳಿದರೆ ಹೇಳುವ ಹಾಗೂ ಇರಲಿಲ್ಲ. ಆ ವಾರಗಳಲ್ಲಿ ಮಾತಿನ ನಡುವೆ ತಡೆದು, ಇದು ಯಾರ ಬಾಗಿಲ ಹಿಂದೆ ಕೇಳಿದ್ದು ಎಂದು ಲೆಕ್ಕ ಹಾಕುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

ಅಷ್ಟರಲ್ಲಿ ಪಾದ್ರಿಗಳು ನನ್ನನ್ನು ಟಿಟ್ವಾಳಾಕ್ಕೆ ಕರೆದುಕೊಂಡು ಹೋದರು. ಹಿಂದೆ ಕಲ್ಯಾಣದಲ್ಲಿ ಒಬ್ಬ ಅಜ್ಜಿಯ ಒಂದು ಕೋಣೆಯ ಮನೆಯಲ್ಲಿ ಈ ಸಭೆ ಶುರುವಾದದ್ದಂತೆ. ಅದೇ ಅಜ್ಜಿ ಈಗ ಸೊಸೆಯ ಜೊತೆ ಟಿಟ್ವಾಳಾದ ಸಣ್ಣ ಫ್ಲ್ಯಾಟಿನಲ್ಲಿ ಹಾಸಿಗೆ ಹಿಡಿದಿದ್ದರು. ಎದೆಯ ಕಾಯಿಲೆ, ಡಾಕ್ಟರರು ಹೆಚ್ಚು ಭರವಸೆ ಕೊಟ್ಟಿರಲಿಲ್ಲ. ಮಲಗಿದವರಿಗೆ ಭೋಜನವನ್ನು ಮನೆಗೇ ಒಯ್ದು ಕೊಡಬಹುದು, ಅದಕ್ಕೆ ಅಡ್ಡಿಯಿಲ್ಲ. ಅಜ್ಜಿಯೇ ಬೇಡವೆಂದಿದ್ದರು.

"ಕಷಾಯದ ಹಾಗೆ ಚಮಚದಲ್ಲಿ ನನಗೊಬ್ಬಳಿಗೆ ಎಂತಕ್ಕೆ?" ಅಜ್ಜಿ ನನಗೆ ಹೇಳಿದರು. ಸ್ವರ ಕ್ಷೀಣ, ಕಣ್ಣು ಮಾತ್ರ ಚುರುಕು. "ಅದು ಒಟ್ಟಿಗೆ ಕೂತು ತಿನ್ನುವ ಊಟ. ಆ ಎರಡು ಜನ ಈ ಕೋಣೆಯಲ್ಲಿ ಕೂತ್ರೆ ನಾನು ತಿಂತೇನೆ. ಇಲ್ಲದಿದ್ರೆ ಹಸಿದೇ ಹೋಗ್ತೇನೆ."

"ಅಜ್ಜಿ, ನಾನು ಪ್ರಯತ್ನ ಮಾಡ್ತಾ ಇದ್ದೇನೆ."

"ಆ ಎರಡು ಜನರ ಹತ್ರ ಮಾತಾಡಿದ್ರಿ. ಹುಡುಗಿ ಎಂತ ಹೇಳ್ತಾಳೆ?"

ಹುಡುಗಿಯನ್ನು ನಾನು ಕೇಳಿಯೇ ಇರಲಿಲ್ಲ. ಮೊದಲ ದಿನವೇ ಎರಡೂ ಕಡೆಯವರು 'ಪಾಪ, ಅವಳನ್ನು ಎಳೀಬೇಡಿ' ಎಂದಿದ್ದರು, ನಾನು ಹೂಂ ಎಂದಿದ್ದೆ. ಯಾರ ವಿಷಯಕ್ಕೆ ಜಗಳವೋ ಅವಳನ್ನು ವಿಷಯ ಎಂದೇ ಇಟ್ಟುಕೊಂಡಿದ್ದೆ. ವಾಪಸು ಬರುವಾಗ ಲೋಕಲ್ ಶಹಾಡ್ ಹತ್ತಿರ ನಿಂತೇಬಿಟ್ಟಿತು. ಆ ಬೇಗೆಯಲ್ಲಿ ಜನರ ನಡುವೆ ಸಿಕ್ಕಿಕೊಂಡು ನಿಂತೇ ತೀರ್ಮಾನ ಮಾಡಿದೆ: ಇನ್ನು ಎರಡು ಪಕ್ಷವಲ್ಲ, ಮೂರು. ಎರಡೂ ಕಡೆಯವರು ಗೊಣಗಿದರು, ಬೇಡವೆನ್ನಲು ಕಾರಣ ಸಿಗಲಿಲ್ಲ.

ಹುಡುಗಿ ಆಫೀಸ್ ಮುಗಿಸಿ ಕೊರಳಲ್ಲಿ ಕಂಪನಿಯ ಕಾರ್ಡ್ ನೇತಾಡಿಸಿಕೊಂಡೇ ಬಂದಳು. ಕೂತವಳೇ ನನ್ನ ಮೇಲೆಯೇ ಹರಿಹಾಯ್ದಳು.

"ಮೇಡಂ, ಮೈ ಪಾರ್ಸಲ್ ಹೂಂ ಕ್ಯಾ? ಇಧರ್ ಭೇಜೋ, ಉಧರ್ ಭೇಜೋ. ಎಲ್ಲರೂ ನನ್ನ ಬಗ್ಗೆ ಮೀಟಿಂಗ್ ಮಾಡ್ತಾರೆ, ನನ್ನನ್ನ ಯಾರೂ ಕರಿಯಲ್ಲ. ದೀಕ್ಷೆ ನನಗೆ ಬೇಕು. ಅದು ನನ್ನ ಕರೆ, ನಾನು ಸುಳ್ಳು ಹೇಳಲ್ಲ. ಆದ್ರೆ ಸಭೆ ಒಡೆದು ಸಿಗೋ ದೀಕ್ಷೆ ಯಾರಿಗೆ ಬೇಕು?"

ಕಣ್ಣು ಒರೆಸಿಕೊಂಡು ಹೇಳಿದಳು. "ಕಾರ್ಯದರ್ಶಿ ಅಂಕಲ್ ಡಿಸೆಂಬರ್‌ನಿಂದ ನನ್ನ ಮುಖ ನೋಡಿಲ್ಲ. ಅ ಆ ಇ ಈ ಕಲಿಸಿದವರು. ಮೇಡಂ, ಜಗಳ ನನಗೂ ಅವರಿಗೂ ಇದೆ ಅಲ್ವಾ? ಹಾಗಿದ್ರೆ ನಾನೂ ಹೋಗಿ ನೀರು ಕೇಳಬಹುದು."

ನನ್ನ ತಲೆಗೆ ಇದು ಹೊಳೆದಿರಲಿಲ್ಲ. 'ಹೋಗು' ಎನ್ನುವ ಹಾಗಿರಲಿಲ್ಲ, ಮೂರನೆಯವರು ಕಳಿಸಿದರೆ ನಡೆಯುವುದಿಲ್ಲವಲ್ಲ. ನಾನು ಸುಮ್ಮನೆ ಕೂತೆ. ಅಷ್ಟು ಕಷ್ಟಪಟ್ಟು ನಾನು ಯಾವತ್ತೂ ಸುಮ್ಮನೆ ಕೂತಿಲ್ಲ.

ಮರುದಿನ ಸಂಜೆ ಅವಳ ಫೋನ್ ಬಂತು. ಹೋಗಿದ್ದಳು. ಬಾಗಿಲು ತೆರೆದದ್ದು ಕಾರ್ಯದರ್ಶಿಗಳ ಹೆಂಡತಿ. 'ಆಂಟಿ, ಅಂಕಲ್ ಹತ್ರ ನೀರು ಕೇಳಲಿಕ್ಕೆ ಬಂದಿದ್ದೇನೆ' ಎಂದು ಹೊಸ್ತಿಲಲ್ಲಿ ನಿಂತೇ ಹೇಳಿದಳಂತೆ. ಅವರು ಮಲಗಿದ್ದಾರೆ ಎಂದು ಆಂಟಿ ಹೇಳುವಾಗ ಒಳಕೋಣೆಯ ಪರದೆಯ ಕೆಳಗೆ ಎರಡು ಪಾದ ಕಾಣುತ್ತಿದ್ದವಂತೆ.

"ಪಾನಿ ದಿಯಾ ಮೇಡಂ. ಆಂಟಿನೇ ಕೊಟ್ರು. ಬೆಲ್ಲ ಕೊಡಲಿಲ್ಲ."

ಅವಳು ಅಳುತ್ತಿರಲಿಲ್ಲ, ಅದಕ್ಕೇ ನನಗೆ ಸಂಕಟವಾಯಿತು. ನನಗೆ ಆ ಮನುಷ್ಯನ ಮೇಲೆ ಸಿಟ್ಟು ಬಂತು. ಬಾಗಿಲ ಹಿಂದೆ ನನಗೆ ಹೇಳಿದ ಮಾತುಗಳನ್ನು ಅವರ ಮುಖಕ್ಕೇ ಎಸೆಯಬೇಕೆನಿಸಿತು.

ಮಳೆ ಹಿಡಿಯಿತು. ಅಜ್ಜಿಯ ಆರೋಗ್ಯ ಇನ್ನೂ ಕೆಟ್ಟಿತು. ನನಗೆ ಇನ್ನು ಮಾಡಲು ಏನೂ ಉಳಿದಿರಲಿಲ್ಲ. ಮಧ್ಯಸ್ಥಿಕೆ ವಿಫಲವಾದರೂ ಕೊನೆಯ ಜಂಟಿ ಬೈಠಕ್ ಒಂದನ್ನು ಕರೆದು ಮುಗಿಯಿತು ಎಂದು ಎಲ್ಲರೆದುರು ಹೇಳಬೇಕು. ಸ್ಥಳ ಎಲ್ಲರಿಗೂ ಒಪ್ಪಿಗೆಯಾಗಬೇಕು. ಟಿಟ್ವಾಳಾ ಎಂದೆ. ಅಜ್ಜಿಯ ಮನೆಗೆ ಬರುವುದಿಲ್ಲ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಅಂದು ಅಜ್ಜಿಯ ಕೋಣೆಯಲ್ಲಿ ಕಾಲು ಚಾಚಲೂ ಜಾಗವಿರಲಿಲ್ಲ. ಕಾರ್ಯದರ್ಶಿಗಳು ಪ್ಲಾಸ್ಟಿಕ್ ಕುರ್ಚಿಯಲ್ಲಿ, ಟೀಚರ್ ಟ್ರಂಕಿನ ಮೇಲೆ, ಹುಡುಗಿ ಮಂಚದ ತುದಿಯಲ್ಲಿ. ಪಾದ್ರಿಗಳು ಭೋಜನದ ಸಾಮಾನಿನ ಸಣ್ಣ ಪೆಟ್ಟಿಗೆಯನ್ನು ಅವುಚಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು, ತೆರೆಯಬೇಕಾಗುತ್ತದೆ ಎಂಬ ಭರವಸೆಯಿಲ್ಲದೆ. ನಾನು ಹೊರಬಾಗಿಲಿಗೆ ಒರಗಿ ನಿಂತೆ. ಯಾರಾದರೂ ಹೊರಗೆ ಹೋಗಬೇಕಾದರೆ ಉಳಿದವರೆಲ್ಲ ಏಳಬೇಕಾಗಿತ್ತು.

ನಿಯಮದ ಪ್ರಕಾರ ಹೇಳಿದೆ. ಒಪ್ಪಂದ ಆಗಲಿಲ್ಲ. ಬಾಗಿಲು ಮುಚ್ಚಿ ನನಗೆ ಹೇಳಿದ್ದೆಲ್ಲ ನನ್ನಲ್ಲೇ ಇರುತ್ತದೆ. ನನ್ನ ಕೆಲಸ ಮುಗಿಯಿತು.

ಯಾರೂ ಏಳಲಿಲ್ಲ. ಮಳೆಗೆ ಲೋಕಲ್ ನಿಂತಿದೆ ಎಂದು ಸೊಸೆ ಫೋನ್ ನೋಡಿ ಹೇಳಿದಳು. ಹೋಗಲು ಗಾಡಿಯಿಲ್ಲ, ಇರಲು ಮಾತಿಲ್ಲ. ಅಜ್ಜಿಯ ಉಸಿರಾಟ ಮಾತ್ರ ಕೇಳುತ್ತಿತ್ತು. ಅವರು ಒಬ್ಬೊಬ್ಬರನ್ನೇ ನೋಡುತ್ತಿದ್ದರು, ಏನೂ ಹೇಳಲಿಲ್ಲ. ಮೂರನೆಯವರು ಹೇಳಬಾರದು ಎಂಬ ಕ್ರಮವನ್ನು ಈ ಸಭೆಗೆ ಕಲಿಸಿದವರೇ ಅವರು.

ಕಾರ್ಯದರ್ಶಿಗಳು ಒಮ್ಮೆ ಕೆಮ್ಮಿದರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ನಂತರ ತಲೆಯೆತ್ತಿ ಹುಡುಗಿಯ ಮುಖ ನೋಡಿದರು.

"ಆ ದಿನ ನಾನು ಮಲಗಿರ್ಲಿಲ್ಲ" ಎಂದರು.

"ಗೊತ್ತು ಅಂಕಲ್."

"ಒಂದು ಲೋಟ ನೀರು ಕೊಡ್ತೀಯಾ ಮಗಾ?"

ಹುಡುಗಿ ಎದ್ದಳು. ಅವಳಿಗೆ ದಾರಿ ಬಿಡಲು ಟೀಚರ್ ಕಾಲು ಮಡಿಸಿಕೊಂಡರು, ಪಾದ್ರಿಗಳು ಗೋಡೆಗೆ ಅಂಟಿದರು. ನೀರು ತಂದವಳು ಬೆಲ್ಲಕ್ಕೆ ಅತ್ತಿತ್ತ ನೋಡಿದಳು. ಅಜ್ಜಿ ಏದುಸಿರು ಬಿಡುತ್ತಾ ದಿಂಬಿನ ಪಕ್ಕದಿಂದ ಒಂದು ಡಬ್ಬಿ ಮುಂದಕ್ಕೆ ತಳ್ಳಿದರು. ಎಷ್ಟು ದಿನದಿಂದ ಅಲ್ಲಿ ಇಟ್ಟುಕೊಂಡಿದ್ದರೋ! ಅಜ್ಜಿಯ ಮನೆಯೆಂದರೆ ಇಡೀ ಸಭೆಯ ಮನೆ, ಹಾಗಾಗಿ ಕ್ರಮ ತಪ್ಪಿತೆಂದು ಯಾರಿಗೂ ಅನಿಸಲಿಲ್ಲ. ಹುಡುಗಿ ಒಂದು ತುಂಡು ಮುರಿದು ಕಾರ್ಯದರ್ಶಿಗಳ ಅಂಗೈಯಲ್ಲಿಟ್ಟಳು. ಅವರು ಅದನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಅಂಗಿಯ ಮೇಲೆ ಸ್ವಲ್ಪ ನೀರು ಚೆಲ್ಲಿತು.

"ನನಗೂ ಒಂದು ಗುಟುಕು ಕೊಡ್ರಲಾ" ಎಂದು ಟೀಚರ್ ಕೈ ಚಾಚಿದ್ದು ಹುಡುಗಿಯ ಕಡೆಗಲ್ಲ, ಕಾರ್ಯದರ್ಶಿಗಳ ಕಡೆಗೆ. ಅವರು ಲೋಟದ ಜೊತೆ ಡಬ್ಬಿಯನ್ನೂ ಕೊಟ್ಟರು, ಟೀಚರ್ ಒಂದು ತುಂಡು ಬಾಯಿಗೆ ಹಾಕಿಕೊಂಡರು.

ಪಾದ್ರಿಗಳು ಪೆಟ್ಟಿಗೆ ತೆರೆದರು. ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ, ಓದಬೇಕಾದ್ದನ್ನು ಓದಿ, ರೊಟ್ಟಿಯನ್ನೂ ಪಾತ್ರೆಯನ್ನೂ ಆಶೀರ್ವದಿಸಿದರು. ರೊಟ್ಟಿಯನ್ನು ಅವರೇ ಹಂಚಿದರು. ಕಾರ್ಯದರ್ಶಿಗಳು ತೆಗೆದುಕೊಂಡರು, ಟೀಚರ್ ತೆಗೆದುಕೊಂಡರು, ಅಜ್ಜಿಗೆ ಪಾದ್ರಿಗಳು ಚೂರು ಮಾಡಿ ಬಾಯಿಗೆ ಇಟ್ಟರು. ಆಮೇಲೆ ಪಾತ್ರೆಯನ್ನು ಹುಡುಗಿಯ ಕೈಗೆ ಕೊಟ್ಟರು. ಮೆತ್ತಗಿನ ಮನುಷ್ಯ ಎಂದು ಬರೆದೆನಲ್ಲ, ಆ ಮಾತನ್ನು ಅರ್ಧ ಹಿಂದೆ ತೆಗೆದುಕೊಳ್ಳುತ್ತೇನೆ.

ಅವಳು ಪಾತ್ರೆಯನ್ನು ಅಜ್ಜಿಗೆ ಹಿಡಿದಳು, ಟೀಚರಿಗೆ ಹಿಡಿದಳು, ನಂತರ ಕಾರ್ಯದರ್ಶಿಗಳ ಮುಂದೆ ನಿಂತಳು. ಅವರು ಬಹಳ ಹೊತ್ತು ಆ ಪಾತ್ರೆಯನ್ನು ನೋಡಿದರು. ಕೈ ಜೋಡಿಸಿ ಸಣ್ಣಗೆ ತಲೆ ಅಲ್ಲಾಡಿಸಿದರು. ಬೇಡ.

ಟೀಚರ್ ಮುಖ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದರು. ಮಂಚದ ಮೇಲಿಂದ ಅಜ್ಜಿ ಕೈ ಎತ್ತಿದರು.

"ಇರ್ಲಿ" ಎಂದರು. "ಎದ್ದು ಹೋಗ್ಲಿಲ್ಲ ಅಲ್ಲ."

ಹುಡುಗಿ ಕಾರ್ಯದರ್ಶಿಗಳಿಗೆ ತಲೆ ಬಾಗಿಸಿ ಮುಂದೆ ಹೋದಳು. ಅವರು ಕೊನೆಯ ಪ್ರಾರ್ಥನೆಯವರೆಗೂ ಅದೇ ಕುರ್ಚಿಯಲ್ಲಿ ಕೂತಿದ್ದರು. ಅಜ್ಜಿಗೆ ಆಗಲೇ ನಿದ್ದೆ ಹತ್ತಿತ್ತು.

ನೀವು ಯಾವ ಕಡೆ ಎಂಬ ಪ್ರಶ್ನೆಗೆ ಡೊಂಬಿವಿಲಿಯಿಂದ ಎರಡೂ ಕಡೆಗೆ ಈವರೆಗೂ ಉತ್ತರ ಹೋಗಿಲ್ಲ. ಎರಡೂ ಕಡೆಯಿಂದ ನೆನಪೋಲೆ ಬರುತ್ತಿದೆಯಂತೆ. ದೀಕ್ಷೆಯ ವಿಷಯ ಇದ್ದಲ್ಲೇ ಇದೆ. ಭೋಜನದ ಮೇಜಿಗೆ ಮಾತ್ರ ಪ್ರತಿ ತಿಂಗಳು ಬಟ್ಟೆ ಹಾಸುತ್ತಾರೆ. ಹಳೆಯ ಮನೆಯವರಲ್ಲಿ ಕೆಲವರು ಹೋದರು, ಹುಡುಗರಲ್ಲಿಯೂ ಕೆಲವರು ಹೋದರು. ಹೆಚ್ಚಿನವರು ಇದ್ದಾರೆ.

ಅಂದು ಮಳೆ ಇಳಿದ ಮೇಲೆ ನಾವೆಲ್ಲ ಒಟ್ಟಿಗೇ ಟಿಟ್ವಾಳಾ ಸ್ಟೇಷನ್ನಿಗೆ ನಡೆದೆವು. ಟೀಚರ್ ಮತ್ತು ಹುಡುಗಿ ಮುಂದೆ ಲೇಡೀಸ್ ಡಬ್ಬಿ ನಿಲ್ಲುವ ಕಡೆಗೆ ಹೋದರು. ಕಾರ್ಯದರ್ಶಿಗಳು ನನ್ನ ಪಕ್ಕದಲ್ಲಿ ಛತ್ರಿ ಮಡಿಸುತ್ತಾ ನಿಂತರು.

"ಮೇಡಂ, ನೀವು ಎಂತಾದ್ರೂ ಬರೆಯುದಿದ್ರೆ, ನಾನು ಒಪ್ಪಿದೆ ಅಂತ ಬರೀಬೇಡಿ."

"ಬರೆಯೋದಿಲ್ಲ."

ಗಾಡಿ ಬರುತ್ತಿರುವ ಸದ್ದು ಕೇಳಿತು. ಅವರು ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ನಿಂತಿದ್ದ ಇಬ್ಬರು ಹೆಂಗಸರ ಕಡೆ ನೋಡುತ್ತಿದ್ದರು.

"ಬಿಟ್ಟು ಹೋದೆ ಅಂತಲೂ ಬರೀಬೇಡಿ" ಎಂದರು.